ಹಳೆಯ ಹೈಬ್ರಿಡ್ ಕಾರುಗಳ ಸವೆದ ಶಾಕ್ ಅಬ್ಸಾರ್ಬರ್ ಮತ್ತು ಸ್ಟ್ರಟ್‌ಗಳ ಬದಲಾವಣೆ: ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41ರ ಅನ್ವಯ ಸ್ವಂತ ಬಳಕೆಯ ಕಾರಿನ ನೋಂದಣಿ ಪ್ರಮಾಣ ಪತ್ರವು 15 ವರ್ಷಗಳ ಅವಧಿಗೆ ಮಾನ್ಯವಾಗಿರುತ್ತದೆ. ತದನಂತರವೂ ಕಾರನ್ನು ರಸ್ತೆಯಲ್ಲಿ ಉಪಯೋಗಿಸಬೇಕಾದಲ್ಲಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಿ ನೋಂದಣಿಯನ್ನು ನವೀಕರಿಸಿಕೊಳ್ಳುವುದು ಅವಶ್ಯಕವಾಗಿದೆ. ನವೀಕರಣವು ಒಂದು ಬಾರಿಗೆ 5 ವರ್ಷಗಳ ಅವಧಿಗೆ ದೊರೆಯುತ್ತದೆ.

ಭಾರತದಲ್ಲಿ ಹೈಬ್ರಿಡ್ ಕಾರುಗಳ ಮೊದಲ ತಲೆಮಾರು ಈಗ ಈ ಹಂತವನ್ನು ತಲುಪಿದೆ. ಹೋಂಡಾ ಸಿವಿಕ್ ಹೈಬ್ರಿಡ್ ಕಾರು 2008ರಲ್ಲಿ ಹಾಗೂ ಟೊಯೊಟಾ ಪ್ರಿಯಸ್ ಕಾರು 2010ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಆ ವರ್ಷಗಳಲ್ಲಿ ನೋಂದಣಿಯಾದ ಕಾರುಗಳ 15 ವರ್ಷಗಳ ಅವಧಿಯು ಅನುಕ್ರಮವಾಗಿ 2023 ಮತ್ತು 2025ರಲ್ಲಿ ಮುಗಿದಿದೆ. ರಾಮನಗರದ ಬಳಿಯ ಬಿಡದಿಯಲ್ಲಿ 2013ರಿಂದ ಜೋಡಿಸಲಾದ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ ಕಾರುಗಳ ಅವಧಿಯು 2028ರಿಂದ ಮುಗಿಯತೊಡಗುತ್ತದೆ.

ಇಂತಹ ಕಾರುಗಳ ಮಾಲೀಕರು ಸಾಮಾನ್ಯವಾಗಿ ದೊಡ್ಡ ಬ್ಯಾಟರಿಯ ಸ್ಥಿತಿಯ ಬಗ್ಗೆ ಹೆಚ್ಚು ಕಾಳಜಿ ವಹಿಸುತ್ತಾರೆ. ಆದರೆ 15 ವರ್ಷ ಓಡಿದ ಕಾರಿನಲ್ಲಿ ಗಮನಕ್ಕೆ ಬಾರದೆ ಸವೆಯುವ ಭಾಗಗಳೆಂದರೆ ಶಾಕ್ ಅಬ್ಸಾರ್ಬರ್ ಮತ್ತು ಸ್ಟ್ರಟ್‌ಗಳು. ಇವುಗಳ ಸವೆತವನ್ನು ಕೇವಲ ಪ್ರಯಾಣದ ಸುಖಕ್ಕೆ ಸಂಬಂಧಿಸಿದ ವಿಷಯವೆಂದು ಭಾವಿಸುವುದು ಸರಿಯಲ್ಲ. ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಮತ್ತು ತಿರುವಿನಲ್ಲಿ ಚಾಲಕನ ಹಿಡಿತದಲ್ಲಿ ಇರುತ್ತದೆಯೇ ಎಂಬುದು ಇವುಗಳನ್ನು ಅವಲಂಬಿಸಿದೆ. ಆದ್ದರಿಂದ ತಪಾಸಣೆಗೆ ಮುನ್ನ ಇವುಗಳನ್ನು ಪರಿಶೀಲಿಸಿ, ಅಗತ್ಯವಿದ್ದಲ್ಲಿ ಸುರಕ್ಷಿತವಾಗಿ ಬದಲಾಯಿಸಿಕೊಳ್ಳುವ ಬಗ್ಗೆ ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ.

2. ಶಾಕ್ ಅಬ್ಸಾರ್ಬರ್ ಮತ್ತು ಸ್ಟ್ರಟ್ ಎಂದರೇನು?

ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗ್. ಗುಂಡಿ ಅಥವಾ ಉಬ್ಬಿನ ಮೇಲೆ ಚಕ್ರ ಹಾದಾಗ ಸ್ಪ್ರಿಂಗ್ ಕುಗ್ಗಿ ಹಿಗ್ಗುತ್ತದೆ. ತಡೆಯುವ ಸಾಧನವಿಲ್ಲದಿದ್ದರೆ ಅದು ಹಲವು ಬಾರಿ ಕುಗ್ಗಿ ಹಿಗ್ಗುತ್ತಲೇ ಇದ್ದು, ಚಕ್ರವು ರಸ್ತೆಯ ಮೇಲೆ ಪುಟಿಯುತ್ತದೆ. ಈ ಪುಟಿತವನ್ನು ತಡೆಯುವುದೇ ಶಾಕ್ ಅಬ್ಸಾರ್ಬರ್‌ನ ಕೆಲಸ. ಅದರ ಕೊಳವೆಯೊಳಗೆ ಎಣ್ಣೆ ತುಂಬಿರುತ್ತದೆ. ಪಿಸ್ಟನ್ ಚಲಿಸಿದಾಗ ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ನುಗ್ಗಬೇಕಾಗುವುದರಿಂದ ಚಲನೆಯು ನಿಧಾನವಾಗಿ, ಅದರ ಶಕ್ತಿಯು ಶಾಖವಾಗಿ ಹೊರಹೋಗುತ್ತದೆ. ಎಣ್ಣೆಯಲ್ಲಿ ನೊರೆ ಏಳದಂತೆ ಹಲವು ಶಾಕ್ ಅಬ್ಸಾರ್ಬರ್‌ಗಳಲ್ಲಿ ಒತ್ತಡದ ನೈಟ್ರೋಜನ್ ಅನಿಲವನ್ನೂ ತುಂಬಲಾಗಿರುತ್ತದೆ.

ಸ್ಟ್ರಟ್ ಎಂಬುದು ಶಾಕ್ ಅಬ್ಸಾರ್ಬರ್‌ನ ಕೆಲಸದ ಜೊತೆಗೆ ಚಕ್ರವನ್ನು ಹಿಡಿದು ನಿಲ್ಲಿಸುವ ಕಂಬದ ಕೆಲಸವನ್ನೂ ಮಾಡುತ್ತದೆ. ಅದರ ಸುತ್ತಲೂ ಕಾಯಿಲ್ ಸ್ಪ್ರಿಂಗ್ ಇರುತ್ತದೆ. ಮೇಲ್ಭಾಗದಲ್ಲಿ ರಬ್ಬರ್ ಮೌಂಟ್ ಮತ್ತು ಬೇರಿಂಗ್ ಇದ್ದು, ಸ್ಟೇರಿಂಗ್ ತಿರುಗಿಸಿದಾಗ ಸ್ಟ್ರಟ್ ಪೂರ್ಣವಾಗಿ ತಿರುಗುತ್ತದೆ. ಸಿವಿಕ್ ಹೈಬ್ರಿಡ್, ಪ್ರಿಯಸ್ ಮತ್ತು ಕ್ಯಾಮ್ರಿ ಹೈಬ್ರಿಡ್ ಕಾರುಗಳ ಮುಂಭಾಗದಲ್ಲಿ ಈ ಬಗೆಯ ಸ್ಟ್ರಟ್ ಇರುತ್ತದೆ.

3. ಹೈಬ್ರಿಡ್ ಕಾರಿನಲ್ಲಿ ಈ ಸವೆತ ಏಕೆ ಹೆಚ್ಚು ಮುಖ್ಯ?

ಅ) ಬ್ರೇಕ್ ವ್ಯವಸ್ಥೆ: ಹೈಬ್ರಿಡ್ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಮೊದಲಿಗೆ ವಿದ್ಯುತ್ ಮೋಟಾರು ಜನರೇಟರ್‌ನಂತೆ ಕೆಲಸ ಮಾಡಿ, ಕಾರಿನ ವೇಗವನ್ನು ಬ್ಯಾಟರಿಗೆ ಚಾರ್ಜ್ ಆಗಿ ಮರಳಿಸುತ್ತದೆ. ಹೆಚ್ಚಿನ ಬಲ ಬೇಕಾದಾಗ ಸಾಮಾನ್ಯ ಎಣ್ಣೆ ಒತ್ತಡದ ಬ್ರೇಕ್ ಅದರೊಂದಿಗೆ ಸೇರಿಕೊಳ್ಳುತ್ತದೆ. ಚಕ್ರವು ರಸ್ತೆಯಿಂದ ಪುಟಿದು ಕ್ಷಣಕಾಲ ಜಾರಿದಲ್ಲಿ, ನಿಯಂತ್ರಣ ವ್ಯವಸ್ಥೆಯು ಮೋಟಾರಿನ ಬ್ರೇಕ್ ಅನ್ನು ಕಡಿಮೆ ಮಾಡಿ ಎಣ್ಣೆಯ ಬ್ರೇಕ್‌ಗೆ ವರ್ಗಾಯಿಸುತ್ತದೆ. ಆ ಕ್ಷಣದಲ್ಲಿ ಬ್ರೇಕ್ ಸಡಿಲವಾದಂತೆ ಚಾಲಕನಿಗೆ ಭಾಸವಾಗಬಹುದು. ಈ ವರ್ಗಾವಣೆಯ ಸಂಬಂಧವಾಗಿಯೇ 2010ರ ಫೆಬ್ರವರಿಯಲ್ಲಿ ತಯಾರಕ ಸಂಸ್ಥೆಯು ಪ್ರಿಯಸ್ ಸೇರಿದಂತೆ ಜಗತ್ತಿನಾದ್ಯಂತ ನಾಲ್ಕು ಲಕ್ಷಕ್ಕೂ ಹೆಚ್ಚು ಹೈಬ್ರಿಡ್ ಕಾರುಗಳನ್ನು ಹಿಂದಕ್ಕೆ ಕರೆಸಿ, ಎ.ಬಿ.ಎಸ್. ಬ್ರೇಕ್‌ನ ತಂತ್ರಾಂಶವನ್ನು ಸರಿಪಡಿಸಿತು. ತಂತ್ರಾಂಶವು ಸರಿಯಿದ್ದರೂ ಶಾಕ್ ಅಬ್ಸಾರ್ಬರ್ ಸವೆದಿದ್ದಲ್ಲಿ ಚಕ್ರವು ಮತ್ತೆ ಮತ್ತೆ ಪುಟಿಯುವುದರಿಂದ ಇಂತಹ ಸಂದರ್ಭಗಳು ಹೆಚ್ಚುತ್ತವೆ.

ಆ) ಭಾರ: ಈ ಕಾರುಗಳ ಹಿಂಭಾಗದಲ್ಲಿ ಬ್ಯಾಟರಿ ಪೆಟ್ಟಿಗೆ ಇರುತ್ತದೆ. ಪ್ರಿಯಸ್ ಕಾರಿನಲ್ಲಿ ಇದರ ತೂಕ ಸುಮಾರು 40 ಕೆ.ಜಿ. ಆಗಿದ್ದು, ಕಾರು ಖಾಲಿಯಿದ್ದಾಗಲೂ ಈ ಭಾರ ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಮೇಲೆ ಇದ್ದೇ ಇರುತ್ತದೆ.

ಇ) ಶಬ್ದ: ಎಂಜಿನ್ ನಿಂತು ಮೋಟಾರಿನ ಬಲದಿಂದ ಕಾರು ಚಲಿಸುವಾಗ ಚಕ್ರದ ಬಳಿಯ ಸಣ್ಣ ಶಬ್ದವೂ ಕೇಳಿಸುತ್ತದೆ. ರಸ್ತೆ ಉಬ್ಬುಗಳನ್ನು ನಿಧಾನವಾಗಿ ದಾಟುವಾಗ ಕೇಳಿಬರುವ ಕಟಕಟ ಶಬ್ದವನ್ನು ಮಾಲೀಕರು ಮೊದಲ ಎಚ್ಚರಿಕೆಯೆಂದು ಪರಿಗಣಿಸಬಹುದು.

4. ಸವೆತವನ್ನು ಗುರುತಿಸುವ ಬಗೆ

ಸವೆತವು ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಆಗುವುದರಿಂದ ದಿನನಿತ್ಯ ಅದೇ ಕಾರನ್ನು ಓಡಿಸುವವರಿಗೆ ಅದು ತಿಳಿಯುವುದಿಲ್ಲ. ಬೇರೊಬ್ಬರಿಂದ ಒಮ್ಮೆ ಕಾರನ್ನು ಓಡಿಸಿ ಅಭಿಪ್ರಾಯ ಪಡೆಯುವುದು ಉಪಯುಕ್ತ. ಈ ಕೆಳಕಂಡ ಲಕ್ಷಣಗಳನ್ನು ಗಮನಿಸುವುದು.

• ಬ್ರೇಕ್ ಹಾಕಿದಾಗ ಕಾರಿನ ಮುಂಭಾಗವು ಅತಿಯಾಗಿ ಕೆಳಕ್ಕೆ ಬಾಗುವುದು.
• ಉಬ್ಬನ್ನು ದಾಟಿದ ನಂತರ ಕಾರು ಎರಡು ಮೂರು ಬಾರಿ ತೂಗುವುದು.
• ತಿರುವಿನಲ್ಲಿ ಅಥವಾ ಹೆದ್ದಾರಿಯಲ್ಲಿ ಲಾರಿ, ಬಸ್ಸುಗಳು ಪಕ್ಕದಲ್ಲಿ ಹಾದಾಗ ಕಾರು ಅತಿಯಾಗಿ ಓಲಾಡುವುದು.
• ಟೈರಿನ ಮೇಲ್ಮೈಯನ್ನು ಅಂಗೈಯಿಂದ ಸವರಿದಾಗ ಅಲ್ಲಲ್ಲಿ ತಗ್ಗು ದಿನ್ನೆಗಳು ತಗಲುವುದು.
• ಸ್ಟೇರಿಂಗ್ ತಿರುಗಿಸುವಾಗ ಸ್ಟ್ರಟ್‌ನ ಮೇಲ್ಭಾಗದಿಂದ ಶಬ್ದ ಬರುವುದು ಅಥವಾ ಸ್ಪ್ರಿಂಗ್ ಹಠಾತ್ತನೆ ಜಿಗಿದಂತಾಗುವುದು.
• ಶಾಕ್ ಅಬ್ಸಾರ್ಬರ್‌ನ ಕೊಳವೆಯ ಮೇಲೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿರುವುದು.

ಕೊಳವೆಯ ಮೇಲ್ತುದಿಯಲ್ಲಿ ತೆಳುವಾದ ಎಣ್ಣೆಯ ಪಸೆ ಇದ್ದ ಮಾತ್ರಕ್ಕೆ ಅದು ಕೆಟ್ಟಿದೆಯೆಂದು ತಿಳಿಯಬೇಕಾಗಿಲ್ಲ. ಎಣ್ಣೆಯು ಕೆಳಕ್ಕೆ ಹರಿದು ಒದ್ದೆಯಾಗಿದ್ದರೆ ಬದಲಾಯಿಸುವುದು ಅವಶ್ಯಕ. ಕಾರಿನ ಮೂಲೆಯನ್ನು ಕೈಯಿಂದ ಒತ್ತಿ ಬಿಡುವ ರೂಢಿಯ ಪರೀಕ್ಷೆಯಿಂದ ಪೂರ್ತಿ ಕೆಟ್ಟ ಶಾಕ್ ಅಬ್ಸಾರ್ಬರ್ ಮಾತ್ರ ಗೊತ್ತಾಗುತ್ತದೆ. ಅರ್ಧ ಸವೆದದ್ದು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ಶಾಕ್ ಅಬ್ಸಾರ್ಬರ್ ತಯಾರಕರು ಸಾಮಾನ್ಯವಾಗಿ ಸುಮಾರು 80,000 ಕಿ.ಮೀ. ಓಟದ ವೇಳೆಗೆ ಪರಿಶೀಲನೆ ಮಾಡಿಸಲು ಸಲಹೆ ನೀಡುತ್ತಾರೆ. ಗುಂಡಿ ಬಿದ್ದ ರಸ್ತೆಗಳಲ್ಲಿ ಓಡಿದ ಕಾರಿಗೆ ಇದಕ್ಕೂ ಮೊದಲೇ ಅಗತ್ಯ ಬೀಳಬಹುದು.

ಶಬ್ದ ಬಂದ ಮಾತ್ರಕ್ಕೆ ಶಾಕ್ ಅಬ್ಸಾರ್ಬರ್ ಅನ್ನೇ ದೂಷಿಸುವುದೂ ಸರಿಯಲ್ಲ. ಲಿಂಕ್ ರಾಡ್, ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ಮುಂತಾದವು ಸವೆದಾಗಲೂ ಇಂತಹುದೇ ಶಬ್ದ ಬರುತ್ತದೆ. ಇವುಗಳ ಬೆಲೆ ಕಡಿಮೆ. ಮೊದಲು ಇವನ್ನು ಪರೀಕ್ಷಿಸುವುದರಿಂದ ಅನಗತ್ಯ ವೆಚ್ಚ ತಪ್ಪುತ್ತದೆ.

5. ಕಾನೂನಿನ ನಿಬಂಧನೆಗಳು

ಅ) ಕಲಂ 52: ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಈ ಕಲಮು ನಿರ್ಬಂಧಿಸುತ್ತದೆ. ಮಾನ್ಯ ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಸವೆದ ಭಾಗವನ್ನು ತೆಗೆದು ಅದೇ ಮಾದರಿಗೆ ನಿಗದಿಯಾದ, ಅದೇ ಅಳತೆಯ ಹೊಸ ಭಾಗವನ್ನು ಅಳವಡಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಇದಕ್ಕೆ ಪೂರ್ವಾನುಮತಿ ಬೇಕಾಗಿಲ್ಲ. ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದು ಮಾಡಿಸುವ ಅಗತ್ಯವೂ ಇಲ್ಲ. ಆದರೆ ಕಾರಿನ ಎತ್ತರವನ್ನು ತಗ್ಗಿಸುವ ಅಥವಾ ಏರಿಸುವ ಸ್ಪ್ರಿಂಗ್ ಮತ್ತು ಸ್ಟ್ರಟ್‌ಗಳನ್ನು ಅಳವಡಿಸಬಾರದು.

ಆ) ಕಲಂ 190: ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದ ಅಪಾಯಕಾರಿ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು ಅಪರಾಧವಾಗಿರುತ್ತದೆ. ದೋಷ ತಿಳಿದಿರಲಿಲ್ಲ ಎಂಬ ಕಾರಣ ಮಾತ್ರ ಸಾಲದು.

ಇ) ಕಲಂ 45: ವಾಹನವು ಯಾಂತ್ರಿಕವಾಗಿ ದೋಷಯುಕ್ತವಾಗಿದ್ದಲ್ಲಿ ನೋಂದಣಿ ಪ್ರಾಧಿಕಾರವು ನವೀಕರಣವನ್ನು ನಿರಾಕರಿಸಬಹುದು. ಹಾಗೆ ನಿರಾಕರಿಸಿದಾಗ ಕಾರಣಗಳನ್ನು ಒಳಗೊಂಡ ಆದೇಶದ ಪ್ರತಿಯನ್ನು ಅರ್ಜಿದಾರರಿಗೆ ಕೊಡತಕ್ಕದ್ದು. ಇದನ್ನು ಪಡೆಯುವುದು ಅರ್ಜಿದಾರರ ಹಕ್ಕು.

ಈ) ಕಲಂ 57: ಸದರಿ ಆದೇಶದಿಂದ ಬಾಧಿತರಾದವರು ಆದೇಶ ತಲುಪಿದ 30 ದಿನಗಳೊಳಗೆ ನಿಗದಿತ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.

6. ಬಿಡಿಭಾಗಗಳ ಆಯ್ಕೆ

ಬಿಡಿಭಾಗಗಳನ್ನು ಖರೀದಿಸುವಾಗ ಕಾರಿನ ಹೆಸರನ್ನಷ್ಟೇ ಹೇಳದೆ ಚಾಸಿಸ್ ಸಂಖ್ಯೆಯನ್ನು ನೀಡುವುದು. ಒಂದೇ ಹೆಸರಿನ ಪೆಟ್ರೋಲ್ ಕಾರು ಮತ್ತು ಹೈಬ್ರಿಡ್ ಕಾರುಗಳ ತೂಕ ಬೇರೆಯಾಗಿರುವುದರಿಂದ, ಬೋಲ್ಟುಗಳು ಸರಿಹೊಂದಿದರೂ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ಬಿಗಿತ ಬೇರೆಯಾಗಿರಬಹುದು. ತಯಾರಕ ಸಂಸ್ಥೆಯ ಅಸಲಿ ಭಾಗವನ್ನಾಗಲಿ, ಅದೇ ಮಾದರಿಗೆಂದೇ ಪಟ್ಟಿ ಮಾಡಲಾದ ಇತರ ಉತ್ತಮ ಸಂಸ್ಥೆಯ ಭಾಗವನ್ನಾಗಲಿ ಬಳಸಬಹುದು.

ಒಂದೇ ಕಡೆ ಕೆಟ್ಟಿದ್ದರೂ ಎಡ ಮತ್ತು ಬಲ ಎರಡನ್ನೂ ಒಟ್ಟಿಗೆ ಬದಲಾಯಿಸುವುದು. ಒಂದು ಹೊಸದು, ಒಂದು ಹಳೆಯದು ಇದ್ದಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಎರಡು ಕಡೆಯ ಹಿಡಿತ ಸಮನಾಗಿರುವುದಿಲ್ಲ. ಮುಂಭಾಗಕ್ಕೆ ಒಂದು ಜೊತೆ, ಹಣ ಒದಗಿದಾಗ ಹಿಂಭಾಗಕ್ಕೆ ಒಂದು ಜೊತೆ ಎಂದು ಎರಡು ಕಂತುಗಳಲ್ಲಿ ಈ ಕೆಲಸ ಮಾಡಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಎಣ್ಣೆ ಸೋರುತ್ತಿರುವ ಜೊತೆಯನ್ನು ಮೊದಲು ಬದಲಾಯಿಸತಕ್ಕದ್ದು. ಇದರೊಂದಿಗೆ ಮೇಲಿನ ಮೌಂಟ್, ಬೇರಿಂಗ್, ಬಂಪ್ ಸ್ಟಾಪರ್ ಮತ್ತು ಡಸ್ಟ್ ಕವರ್‌ಗಳನ್ನು ಹೊಸದಾಗಿ ಹಾಕಿಸುವುದು ಸೂಕ್ತ. 15 ವರ್ಷದ ರಬ್ಬರ್ ಅನ್ನು ಹೊಸ ಸ್ಟ್ರಟ್‌ನೊಂದಿಗೆ ಮತ್ತೆ ಜೋಡಿಸಿದಲ್ಲಿ ಕೆಲವೇ ತಿಂಗಳಲ್ಲಿ ಅದೇ ಕೆಲಸಕ್ಕೆ ಮತ್ತೊಮ್ಮೆ ಕೂಲಿ ಕೊಡಬೇಕಾಗುತ್ತದೆ.

ಈ ಕೆಳಕಂಡ ಎರಡು ರೂಢಿಗಳನ್ನು ಅನುಸರಿಸಬಾರದು.

• ರೀಕಂಡೀಷನ್ ಹೆಸರಿನಲ್ಲಿ ಹಳೆಯ ಕೊಳವೆಗೆ ತೂತು ಕೊರೆದು ಎಣ್ಣೆ ತುಂಬಿ ಬೆಸುಗೆ ಹಾಕುವುದು. ಒಳಗಿನ ಕವಾಟಗಳು ಮತ್ತು ಸೀಲು ಹಳೆಯವೇ ಆಗಿರುವುದರಿಂದ ಇದು ಬಾಳುವುದಿಲ್ಲ. ಅನಿಲದ ಒತ್ತಡವಿರುವ ಕೊಳವೆಯನ್ನು ಕೊರೆಯುವುದು ಮತ್ತು ಬೆಸುಗೆ ಹಾಕುವುದು ಅಪಾಯಕಾರಿ.
• ಕುಸಿದ ಸ್ಪ್ರಿಂಗ್‌ನ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕುವುದು. ಇದರಿಂದ ಕಾರು ಎತ್ತರವಾದಂತೆ ಕಂಡರೂ ಉಳಿದ ಸುರುಳಿಗಳ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ. ಶಾಕ್ ಅಬ್ಸಾರ್ಬರ್‌ನ ಸವೆತ ಹಾಗೆಯೇ ಉಳಿಯುತ್ತದೆ.

7. ಕೆಲಸದ ಸಮಯದಲ್ಲಿ ವಹಿಸಬೇಕಾದ ಎಚ್ಚರಿಕೆ

ಈ ಕೆಲಸದಲ್ಲಿ ಎರಡು ಬಗೆಯ ಅಪಾಯಗಳಿವೆ. ಮೊದಲನೆಯದು ಒತ್ತಿಟ್ಟ ಸ್ಪ್ರಿಂಗ್, ಎರಡನೆಯದು ಹೈಬ್ರಿಡ್ ವ್ಯವಸ್ಥೆಯ ವಿದ್ಯುತ್. ಕಿತ್ತಳೆ ಬಣ್ಣದ ತಂತಿಗೆ ಹೆದರಿ ಸ್ಪ್ರಿಂಗ್ ಅನ್ನು ಹಗುರವಾಗಿ ಕಾಣುವ ಸಂಭವವಿದೆ. ವಾಸ್ತವವಾಗಿ ಈ ಕೆಲಸದಲ್ಲಿ ಕೈಗೆ ಹೆಚ್ಚು ಹತ್ತಿರವಿರುವ ಅಪಾಯ ಸ್ಪ್ರಿಂಗ್‌ನದೇ ಆಗಿದೆ.

ಅ) ಸ್ಪ್ರಿಂಗ್: ಸ್ಟ್ರಟ್‌ನ ತಲೆಯ ನಡುವಿನ ನಟ್ ಸ್ಪ್ರಿಂಗ್ ಅನ್ನು ಒತ್ತಿ ಹಿಡಿದಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಎಂಬ ಉಪಕರಣದಿಂದ ಸ್ಪ್ರಿಂಗ್ ಅನ್ನು ಮೊದಲು ಬಿಗಿದು, ಅದರ ಬಲವು ಮೌಂಟ್ ಮೇಲೆ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ಈ ನಟ್ಟನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಹಾಗೆ ಬಿಚ್ಚಿದಲ್ಲಿ ಸ್ಪ್ರಿಂಗ್ ಸಿಡಿದು ಪ್ರಾಣಾಪಾಯ ಸಂಭವಿಸಬಹುದು. ಹಗ್ಗ, ಸರಪಳಿ ಅಥವಾ ತಂತಿಯಿಂದ ಸ್ಪ್ರಿಂಗ್ ಕಟ್ಟುವ ಗ್ಯಾರೇಜಿಗೆ ಈ ಕೆಲಸ ವಹಿಸಬಾರದು. ಸ್ಪ್ರಿಂಗ್ ಮತ್ತು ಮೌಂಟ್ ಸಮೇತ ಜೋಡಿಸಿದ ಪೂರ್ಣ ಸ್ಟ್ರಟ್ ದೊರೆತಲ್ಲಿ ಈ ಹಂತವೇ ತಪ್ಪುತ್ತದೆ.

ಆ) ವಿದ್ಯುತ್: ಬ್ಯಾಟರಿಯ ವೋಲ್ಟೇಜು ಸಿವಿಕ್ ಹೈಬ್ರಿಡ್‌ನಲ್ಲಿ 158, ಪ್ರಿಯಸ್‌ನಲ್ಲಿ 201.6 ಹಾಗೂ 2013ರ ಕ್ಯಾಮ್ರಿ ಹೈಬ್ರಿಡ್‌ನಲ್ಲಿ 244.8 ಆಗಿರುತ್ತದೆ. 2010ರ ಪ್ರಿಯಸ್‌ನ ಇನ್ವರ್ಟರ್ ಇದನ್ನು 650 ವೋಲ್ಟ್‌ವರೆಗೆ ಏರಿಸುತ್ತದೆ. ಅಧಿಕ ವೋಲ್ಟೇಜಿನ ತಂತಿಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಇರುತ್ತದೆ. ಶಾಕ್ ಅಬ್ಸಾರ್ಬರ್ ಬದಲಾವಣೆಗೆ ಈ ತಂತಿಗಳನ್ನು ಬಿಚ್ಚುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಅವುಗಳನ್ನು ಎಳೆಯಬಾರದು, ಒತ್ತರಿಸಬಾರದು, ಅವುಗಳ ಮೇಲೆ ಉಪಕರಣ ಇಡಬಾರದು. ಕಾರಿನ ಅಡಿಯಲ್ಲೂ ಈ ತಂತಿಗಳು ಹಾದುಹೋಗುವುದರಿಂದ ಕೈಪಿಡಿಯಲ್ಲಿ ತೋರಿಸಿದ ಸ್ಥಳದಲ್ಲಿ ಮಾತ್ರ ಜಾಕ್ ಇಡತಕ್ಕದ್ದು.

ಬ್ಯಾಟರಿ ಪೆಟ್ಟಿಗೆಯ ಮುಚ್ಚಳವನ್ನು ತೆಗೆಯಬೇಕಾಗಿ ಬಂದಲ್ಲಿ, ಹೈಬ್ರಿಡ್ ವಾಹನಗಳಲ್ಲಿ ತರಬೇತಿ ಪಡೆದ ಮೆಕ್ಯಾನಿಕ್ ಮಾತ್ರ ಮುಂದುವರಿಯತಕ್ಕದ್ದು. ಅವರು 1000 ವೋಲ್ಟ್ ತಡೆಯುವ ರಬ್ಬರ್ ಕೈಗವಸು ಧರಿಸಿ, ಸರ್ವೀಸ್ ಪ್ಲಗ್ ತೆಗೆದು, ಇನ್ವರ್ಟರ್‌ನಲ್ಲಿ ಉಳಿದ ವಿದ್ಯುತ್ ಇಳಿಯುವವರೆಗೆ ಕಾಯಬೇಕು. ಪ್ರಿಯಸ್ ಕಾರಿಗೆ ಇದು ಕನಿಷ್ಠ 10 ನಿಮಿಷ.

ಇ) ಕಾರು ತಾನಾಗಿ ಚಾಲೂ ಆಗುವ ಅಪಾಯ: ಹೈಬ್ರಿಡ್ ಕಾರು ಚಾಲೂ ಇದ್ದರೂ ಎಂಜಿನ್ ಸದ್ದಿಲ್ಲದೆ ಇರಬಹುದು. ಬ್ಯಾಟರಿಗೆ ಚಾರ್ಜ್ ಬೇಕಾದ ಕೂಡಲೇ ಎಂಜಿನ್ ತಾನಾಗಿಯೇ ತಿರುಗತೊಡಗುತ್ತದೆ. ಆದ್ದರಿಂದ ಕೆಲಸಕ್ಕೆ ಮುನ್ನ ಡ್ಯಾಶ್‌ಬೋರ್ಡಿನಲ್ಲಿ ‘ರೆಡಿ’ ದೀಪ ಆರಿದೆಯೆಂದು ನೋಡಿ, ಸ್ಮಾರ್ಟ್ ಕೀಯನ್ನು ಕಾರಿನಿಂದ ಸಾಕಷ್ಟು ದೂರದಲ್ಲಿ ಇರಿಸಿ, 12 ವೋಲ್ಟ್ ಬ್ಯಾಟರಿಯ ಋಣ ತುದಿಯನ್ನು ಬಿಚ್ಚುವುದು. ಪ್ರಿಯಸ್ ಕಾರಿನಲ್ಲಿ ಈ ಬ್ಯಾಟರಿಯು ಬಾನೆಟ್ ಒಳಗಿರದೆ ಡಿಕ್ಕಿಯ ಪಕ್ಕದಲ್ಲಿರುತ್ತದೆ. ಅದನ್ನು ಬಿಚ್ಚಿದ ನಂತರ ಡಿಕ್ಕಿ ವಿದ್ಯುತ್ತಿನಿಂದ ತೆರೆಯದು. ಆದ್ದರಿಂದ ಡಿಕ್ಕಿಯನ್ನು ಮುಚ್ಚಬಾರದು.

ಈ) ಆಧಾರ: ಜಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಕೈಯಾಗಲಿ ದೇಹವಾಗಲಿ ಹೋಗಬಾರದು. ಸಮತಟ್ಟಾದ ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್‌ಗಳನ್ನಿಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಅಡೆ ಕೊಡತಕ್ಕದ್ದು.

8. ಕೆಲಸ ನಡೆಯುವ ಕ್ರಮ

ಮಾಲೀಕರು ಈ ಕೆಲಸವನ್ನು ತಾವೇ ಮಾಡಬೇಕೆಂಬುದು ಇಲ್ಲಿನ ಆಶಯವಲ್ಲ. ಗ್ಯಾರೇಜಿನಲ್ಲಿ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಹಾಗೂ ಕೂಲಿಯ ಬಿಲ್ಲನ್ನು ಅರ್ಥಮಾಡಿಕೊಳ್ಳಲು ಇದು ನೆರವಾಗುತ್ತದೆ.

ಮುಂಭಾಗ: ಪ್ರಿಯಸ್ ಕಾರಿನಲ್ಲಿ ಸ್ಟ್ರಟ್‌ನ ಮೇಲಿನ ನಟ್ಟುಗಳು ಮುಂದಿನ ಗಾಜಿನ ಬುಡದ ಪ್ಯಾನೆಲ್ ಅಡಿಯಲ್ಲಿ ಅಡಗಿರುವುದರಿಂದ ವೈಪರ್ ತೋಳು, ವೈಪರ್ ಮೋಟಾರು ಮತ್ತು ಆ ಪ್ಯಾನೆಲನ್ನು ಮೊದಲು ತೆಗೆಯಬೇಕಾಗುತ್ತದೆ. ಸಾಮಾನ್ಯ ಕಾರಿಗಿಂತ ಕೂಲಿ ಹೆಚ್ಚಾಗಲು ಇದು ಒಂದು ಕಾರಣ. ಅನಂತರ ಚಕ್ರವನ್ನು ತೆಗೆದು, ಸ್ಟ್ರಟ್‌ಗೆ ಹೊಂದಿಸಿದ ಬ್ರೇಕ್ ಹೋಸ್‌ನ ಕ್ಲಿಪ್ಪು, ಚಕ್ರದ ವೇಗ ಅಳೆಯುವ ಸೆನ್ಸರ್‌ನ ತಂತಿ ಮತ್ತು ಲಿಂಕ್ ರಾಡ್‌ಗಳನ್ನು ಬಿಡಿಸಲಾಗುತ್ತದೆ. ಬ್ರೇಕ್ ಹೋಸ್‌ನ ಜೋಡಣೆಯನ್ನು ಬಿಚ್ಚುವ ಅಗತ್ಯವಿಲ್ಲ, ಬಿಚ್ಚಲೂಬಾರದು. ಹೈಬ್ರಿಡ್ ಕಾರಿನ ಬ್ರೇಕ್‌ನಿಂದ ಗಾಳಿ ತೆಗೆಯಲು ಹಲವು ಮಾದರಿಗಳಲ್ಲಿ ಸ್ಕ್ಯಾನರ್ ಉಪಕರಣ ಬೇಕಾಗುತ್ತದೆ. ತರುವಾಯ ಕೆಳಗಿನ ಎರಡು ದೊಡ್ಡ ಬೋಲ್ಟುಗಳನ್ನು, ಕೊನೆಗೆ ಮೇಲಿನ ನಟ್ಟುಗಳನ್ನು ತೆಗೆದು ಸ್ಟ್ರಟ್ ಅನ್ನು ಹೊರತೆಗೆಯಲಾಗುತ್ತದೆ.

ಹಿಂಭಾಗ: ಹಲವು ಹೈಬ್ರಿಡ್ ಕಾರುಗಳಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿಯನ್ನು ತಲುಪಲು ಡಿಕ್ಕಿಯ ಅಥವಾ ಹಿಂದಿನ ಸೀಟಿನ ಪಕ್ಕದ ಒಳಹೊದಿಕೆಯನ್ನು ತೆಗೆಯಬೇಕಾಗುತ್ತದೆ. ಅದರ ಸಮೀಪದಲ್ಲೇ ಬ್ಯಾಟರಿ ಪೆಟ್ಟಿಗೆ ಮತ್ತು ಅದನ್ನು ತಂಪಾಗಿಸುವ ಗಾಳಿಯ ಕೊಳವೆ ಇರುತ್ತವೆ. ಆ ಕೊಳವೆಯೊಳಗೆ ನಟ್ಟು ಅಥವಾ ವಾಷರ್ ಬೀಳದಂತೆ, ಹೊದಿಕೆಯನ್ನು ಮರಳಿ ಹಾಕುವಾಗ ಅದು ಜರುಗದಂತೆ ನೋಡಿಕೊಳ್ಳುವುದು. ಗಾಳಿ ಕಡಿಮೆಯಾದಲ್ಲಿ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ.

ಜೋಡಣೆ: ಹೊಸ ಶಾಕ್ ಅಬ್ಸಾರ್ಬರ್ ಅನ್ನು ನೇರವಾಗಿ ನಿಲ್ಲಿಸಿ ನಾಲ್ಕೈದು ಬಾರಿ ಒತ್ತಿ ಎಳೆದ ನಂತರ ಅಳವಡಿಸುವುದು. ಅದರ ಹೊಳೆಯುವ ದಂಡವನ್ನು ಇಕ್ಕಳದಿಂದ ಹಿಡಿದಲ್ಲಿ ಗೀರು ಬಿದ್ದು, ಹೊಸ ಸೀಲಿನಿಂದಲೂ ಎಣ್ಣೆ ಸೋರತೊಡಗುತ್ತದೆ. ತಾನಾಗಿ ಬಿಗಿದುಕೊಳ್ಳುವ ನಟ್ಟುಗಳನ್ನು ಹೊಸದಾಗಿಯೇ ಬಳಸುವುದು. ರಬ್ಬರ್ ಬುಷ್ ಮೂಲಕ ಹಾಯುವ ಬೋಲ್ಟುಗಳನ್ನು ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ, ಕೈಪಿಡಿಯಲ್ಲಿ ಹೇಳಿದ ಬಲಕ್ಕೆ, ಟಾರ್ಕ್ ರೆಂಚ್‌ನಿಂದ ಅಂತಿಮವಾಗಿ ಬಿಗಿಯತಕ್ಕದ್ದು. ಚಕ್ರ ತೂಗಾಡುತ್ತಿರುವಾಗಲೇ ಬಿಗಿದಲ್ಲಿ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

9. ಕೆಲಸ ಮುಗಿದ ನಂತರ

• ವೀಲ್ ಅಲೈನ್‌ಮೆಂಟ್ ಮಾಡಿಸುವುದು. ಸ್ಟ್ರಟ್ ತೆಗೆದು ಹಾಕಿದಾಗ ಚಕ್ರದ ಕೋನ ಬದಲಾಗಿರುತ್ತದೆ. ಇದನ್ನು ಬಿಟ್ಟಲ್ಲಿ ಹೊಸ ಟೈರು ಸಹ ಒಂದೇ ಅಂಚಿನಲ್ಲಿ ಸವೆಯುತ್ತದೆ.
• ಸ್ಟೇರಿಂಗ್ ನೇರವಾಗಿದೆಯೇ ಎಂದು ನೋಡಿ, ಅಗತ್ಯವಿದ್ದಲ್ಲಿ ಸ್ಟೇರಿಂಗ್ ಕೋನದ ಸೆನ್ಸರ್ ಅನ್ನು ಸ್ಕ್ಯಾನರ್‌ನಿಂದ ಸರಿಹೊಂದಿಸುವುದು.
• ಡ್ಯಾಶ್‌ಬೋರ್ಡಿನಲ್ಲಿ ಎ.ಬಿ.ಎಸ್., ಬ್ರೇಕ್ ಅಥವಾ ಹೈಬ್ರಿಡ್ ವ್ಯವಸ್ಥೆಯ ಎಚ್ಚರಿಕೆ ದೀಪ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ದೀಪ ಉರಿಯುತ್ತಿದ್ದಲ್ಲಿ ಸೆನ್ಸರ್ ತಂತಿಯನ್ನು ಮೊದಲು ಪರೀಕ್ಷಿಸುವುದು.
• ಖಾಲಿ ರಸ್ತೆಯಲ್ಲಿ ಕಡಿಮೆ ವೇಗದಲ್ಲಿ ಬ್ರೇಕ್ ಪರೀಕ್ಷಿಸುವುದು. ಕೆಲವು ದಿನಗಳ ಓಟದ ನಂತರ ಬೋಲ್ಟುಗಳ ಬಿಗಿತವನ್ನು ಮತ್ತೊಮ್ಮೆ ನೋಡಿಸುವುದು.
• ಭಾಗಗಳ ಸಂಖ್ಯೆ ನಮೂದಿಸಿದ ಬಿಲ್ಲು ಮತ್ತು ಅಲೈನ್‌ಮೆಂಟ್ ವರದಿಯನ್ನು ಕಾಯ್ದಿರಿಸುವುದು.
• ಹಳೆಯ ಶಾಕ್ ಅಬ್ಸಾರ್ಬರ್ ಅನ್ನು ಕತ್ತರಿಸಬಾರದು, ಬೆಂಕಿಗೆ ಹಾಕಬಾರದು. ಅದರಲ್ಲಿ ಒತ್ತಡದ ಅನಿಲ ಮತ್ತು ಎಣ್ಣೆ ಇರುತ್ತವೆ.

10. ನೋಂದಣಿ ನವೀಕರಣಕ್ಕೆ ಅರ್ಜಿ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 52ರ ಅನ್ವಯ ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳಿಗಿಂತ ಮುಂಚಿತವಲ್ಲದಂತೆ, ವಾಹನವಿರುವ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು. ನೋಂದಣಿ ಪ್ರಮಾಣ ಪತ್ರ, ಚಾಲ್ತಿಯಲ್ಲಿರುವ ವಿಮೆ, ವಾಯುಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ ಮತ್ತು ವಿಳಾಸದ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು. ನಿಗದಿತ ಶುಲ್ಕ ಹಾಗೂ ಅನ್ವಯವಾಗುವ ತೆರಿಗೆಗಳನ್ನು ಪಾವತಿಸಿ ವಾಹನವನ್ನು ತಪಾಸಣೆಗೆ ಹಾಜರುಪಡಿಸುವುದು.

ಅವಧಿ ಮುಗಿದ ನಂತರ ನವೀಕರಣವಾಗುವವರೆಗೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಳಸುವಂತಿಲ್ಲ. ಹಳೆಯ ಹೈಬ್ರಿಡ್ ಕಾರುಗಳ ಬಿಡಿಭಾಗಗಳನ್ನು ತರಿಸಿಕೊಳ್ಳಲು ಕೆಲವೊಮ್ಮೆ ವಾರಗಳು ಬೇಕಾಗುತ್ತವೆ. ಆದ್ದರಿಂದ ಅವಧಿ ಮುಗಿಯುವುದಕ್ಕೆ ನಾಲ್ಕು ತಿಂಗಳು ಮೊದಲೇ ಪರಿಶೀಲನೆ ಮಾಡಿಸಿ, ದುರಸ್ತಿ ಮುಗಿಸಿ, 60 ದಿನಗಳ ಅವಧಿ ಆರಂಭವಾದೊಡನೆ ಅರ್ಜಿ ಸಲ್ಲಿಸುವುದು ಸೂಕ್ತ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಶಾಕ್ ಅಬ್ಸಾರ್ಬರ್ ಬದಲಾಯಿಸಿದ ಬಿಲ್ಲನ್ನು ಅರ್ಜಿಯೊಂದಿಗೆ ಲಗತ್ತಿಸಬೇಕೆ?
ಉತ್ತರ: ಅಗತ್ಯವಿಲ್ಲ. ಆದರೆ ತಪಾಸಣೆಯ ದಿನ ಜೊತೆಯಲ್ಲಿ ತಂದಲ್ಲಿ, ಅಳವಡಿಸಿದ ಭಾಗವು ಅದೇ ಮಾದರಿಯದೆಂದು ತೋರಿಸಲು ಅನುಕೂಲವಾಗುತ್ತದೆ.

ಪ್ರಶ್ನೆ: ಬೀದಿ ಬದಿಯ ಸಾಮಾನ್ಯ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬಹುದೆ?
ಉತ್ತರ: ಮಾಡಿಸಬಹುದು. ಸ್ಪ್ರಿಂಗ್ ಕಂಪ್ರೆಸರ್, ಟಾರ್ಕ್ ರೆಂಚ್ ಮತ್ತು ಸರಿಯಾದ ಸ್ಟ್ಯಾಂಡ್‌ಗಳಿವೆಯೇ, ಹಿಂದೆ ಹೈಬ್ರಿಡ್ ಕಾರಿನಲ್ಲಿ ಕೆಲಸ ಮಾಡಿದ್ದಾರೆಯೇ ಎಂದು ಮೊದಲು ಕೇಳಿ ತಿಳಿಯುವುದು. ಬ್ಯಾಟರಿ ಪೆಟ್ಟಿಗೆಯನ್ನು ತೆರೆಯಬೇಕೆಂದು ಹೇಳಿದಲ್ಲಿ ತರಬೇತಿ ಪಡೆದವರಿರುವ ಕಡೆಗೆ ಒಯ್ಯುವುದು.

ಪ್ರಶ್ನೆ: 2015ರ ಮಾರುತಿ ಸಿಯಾಜ್ ಎಸ್.ಎಚ್.ವಿ.ಎಸ್. ಕಾರಿಗೂ ಇದು ಅನ್ವಯಿಸುತ್ತದೆಯೇ?
ಉತ್ತರ: ಅದರ ಹೈಬ್ರಿಡ್ ವ್ಯವಸ್ಥೆಯು 12 ವೋಲ್ಟ್‌ನದಾಗಿರುವುದರಿಂದ ಅಧಿಕ ವೋಲ್ಟೇಜಿನ ಎಚ್ಚರಿಕೆಗಳು ಅನ್ವಯಿಸುವುದಿಲ್ಲ. ಸ್ಪ್ರಿಂಗ್, ಆಧಾರ, ಅಲೈನ್‌ಮೆಂಟ್ ಮತ್ತು ಕಾನೂನಿಗೆ ಸಂಬಂಧಿಸಿದ ಎಲ್ಲ ಅಂಶಗಳೂ ಅನ್ವಯಿಸುತ್ತವೆ.

ಪ್ರಶ್ನೆ: ತಪಾಸಣೆಯಲ್ಲಿ ದೋಷ ಕಂಡುಬಂದಲ್ಲಿ ಕಾರನ್ನು ಗುಜರಿಗೆ ಹಾಕಲೇಬೇಕೆ?
ಉತ್ತರ: ಇಲ್ಲ. ದೋಷವನ್ನು ಸರಿಪಡಿಸಿ ವಾಹನವನ್ನು ಮತ್ತೆ ತಪಾಸಣೆಗೆ ಹಾಜರುಪಡಿಸಬಹುದು. ಆದರೆ ಚಾಸಿಸ್ ತುಕ್ಕು ಹಿಡಿದು ಸ್ಟ್ರಟ್ ಕೂರುವ ಭಾಗವೇ ಸಡಿಲಗೊಂಡಿದ್ದಲ್ಲಿ ಹೊಸ ಸ್ಟ್ರಟ್ ಹಾಕಿ ಪ್ರಯೋಜನವಿಲ್ಲ. ಹಣ ವೆಚ್ಚ ಮಾಡುವ ಮೊದಲು ಆ ಭಾಗವನ್ನು ಪರೀಕ್ಷಿಸಿಕೊಳ್ಳುವುದು.

12. ಕೊನೆಯ ಮಾತು

ಬ್ಯಾಟರಿ ಕೆಟ್ಟಲ್ಲಿ ಕಾರು ನಿಂತುಹೋಗುತ್ತದೆ. ಶಾಕ್ ಅಬ್ಸಾರ್ಬರ್ ಕೆಟ್ಟಲ್ಲಿ ಕಾರು ನಿಲ್ಲಬೇಕಾದ ಜಾಗದಲ್ಲಿ ನಿಲ್ಲದೆ ಹೋಗಬಹುದು. ಎದುರಿನಲ್ಲಿ ರಸ್ತೆ ದಾಟುತ್ತಿರುವವರಿಗೆ ಈ ಎರಡರ ನಡುವಿನ ವ್ಯತ್ಯಾಸ ಬಹಳ ದೊಡ್ಡದು. ಹಳೆಯ ಕಾರನ್ನು ಇನ್ನೂ 5 ವರ್ಷ ಉಳಿಸಿಕೊಳ್ಳಬಯಸುವ ಮಾಲೀಕರು ತಪಾಸಣೆಯಲ್ಲಿ ತೇರ್ಗಡೆಯಾಗುವ ಉದ್ದೇಶದಿಂದ ಮಾತ್ರವಲ್ಲದೆ, ತಮ್ಮ ಕುಟುಂಬದವರ ಹಾಗೂ ರಸ್ತೆ ಬಳಸುವ ಇತರರ ಸುರಕ್ಷತೆಯ ದೃಷ್ಟಿಯಿಂದಲೂ ಮೇಲ್ಕಂಡ ಅಂಶಗಳನ್ನು ಪಾಲಿಸಿ ಸಹಕರಿಸಬೇಕಾಗಿ ಕೋರಲಾಗಿದೆ.